ಆನೆಕಾಲು ರೋಗದ ಮಾತ್ರೆ ಮನೆಬಾಗಿಲಿಗೇ ಬಂತು, ನನ್ ಕಡೆಯಿಂದ 4 ಸ್ಟಾರ್
ಕಲಬುರಗಿ ಕಡೆ ನಮ್ಮೂರಿಗೆ ಆಶಾ ಅಕ್ಕೋರು ಬಂದು ಡಿಇಸಿ, ಆಲ್ಬೆಂಡಜೋಲ್, ಐವರ್ಮೆಕ್ಟಿನ್ ಮೂರೂ ಫ್ರೀಯಾಗಿ ಕೊಟ್ರು, ಐವರ್ಮೆಕ್ಟಿನ್ ಡೋಸಿಗೆ ಹೈಟ್ ಬೇರೆ ಅಳೆದ್ರು, ಟೈಲರ್ ಅಂಗಡಿಗೆ ಹೋದಂಗಾಯ್ತು ನೋಡಿ. ಈ ಐವರ್ಮೆಕ್ಟಿನ್‌ನ ಮರ್ಕ್ ಕಂಪನಿ 1987ರಿಂದ ಆಫ್ರಿಕಾದ ರಿವರ್ ಬ್ಲೈಂಡ್‌ನೆಸ್‌ಗೆ (ಹುಳದಿಂದ ಕಣ್ಣು ಹೋಗೋ ಕಾಯಿಲೆ) ದಾನ ಕೊಡ್ತಾ ಬಂದಿದೆ, ಆಲ್ಬೆಂಡಜೋಲ್‌ನ ಜಿಎಸ್‌ಕೆ ಅನ್ನೋ ಔಷಧ ಕಂಪನಿ ಡಬ್ಲ್ಯೂಎಚ್‌ಓಗೆ ಕೊಡತ್ತೆ. ಒಂದು ಸ್ಟಾರ್ ಕಟ್ ಯಾಕಂದ್ರೆ ಎದುರಿಗೇ ನುಂಗಿಸ್ಬೇಕು ಅನ್ನೋದು ರೂಲು, ಆದ್ರೆ ಪಕ್ಕದ ಓಣೀಲಿ ಕೈಗೆ ಕೊಟ್ಟು ಹೋಗಿದಾರೆ, ಅವೆಲ್ಲ ಈಗ ಟಿವಿ ಪಕ್ಕ ಧೂಳು ತಿಂತಿವೆ. ನಂಗೆ ರಾತ್ರಿ ಸ್ವಲ್ಪ ತಲೆನೋವು, ಮೈ ಬಿಸಿ, ರಕ್ತದಲ್ಲಿರೋ ಈ ರೋಗದ ಮರಿಹುಳ ಸಾಯುವಾಗ ಹಂಗಾಗತ್ತಂತೆ, ಬೆಳಗ್ಗೆ ಆರಾಮ. ಖಾಲಿ ಹೊಟ್ಟೇಲಿ ಮಾತ್ರ ತಗೋಬೇಡಿ, ಎರಡು ರೊಟ್ಟಿ ತಿಂದ್ಕೊಂಡು ನುಂಗಿ.