ಬ್ಯಾಂಕಾಕ್ ಪ್ಯಾಕೇಜ್: ಊರು ಭಾಳ ಚಲೋ ಐತಿ, ಏಜೆಂಟರು ಹೇಳಬೇಕಾದ್ದು ಹೇಳಲಿಲ್ಲ

ರಾಯಚೂರಿಂದ ನಾನು, ನಮ್ಮವ್ವ, ಅಕ್ಕ ಮೂರು ಮಂದಿ ಹೋಗಿ ಬಂದ್ವಿ, ಇಲ್ಲಿನ ಒಂದು ಟ್ರಾವೆಲ್ಸ್‌ನವರ ಪ್ಯಾಕೇಜ್, ಹೆಸರು ಬ್ಯಾಡ ಬಿಡ್ರಿ. ಹೋಟೆಲ್, ಗಾಡಿ ಎಲ್ಲಾ ಟೈಮಿಗೆ ಸರಿ ಇತ್ತು. ಆದ್ರ ಗ್ರ್ಯಾಂಡ್ ಪ್ಯಾಲೇಸ್‌ಗೆ ಭುಜ, ಮೊಣಕಾಲು ಮುಚ್ಚೋ ಬಟ್ಟಿ ಹಾಕ್ಕೊಂಡೇ ಬರಬೇಕಂತ ಒಂದು ಮಾತೂ ಹೇಳಿರಲಿಲ್ಲ, ನಾನು ಚಡ್ಡಿ ಮ್ಯಾಲ ಹೋಗಿದ್ದೆ, ಗೇಟಿನಾಗ ತಡದ್ರು, ಆ ಬಿಸಲಾಗ ಅಂಗಡಿ ಹುಡುಕಿ ಪ್ಯಾಂಟ್ ತರೋದ್ರಾಗ ಅರ್ಧ ತಾಸು ಹೋತು, ಅವ್ವ ಪಾಪ ಹೊರಗ ನಿಂತೇ ಇದ್ಲು. ರೊಕ್ಕ ತಗೊಂಡ ಮ್ಯಾಲ ಇಷ್ಟಾದ್ರೂ ಹೇಳಬೇಕಲ್ರಿ.

ವಾಟ್ ಫೋ ಅನ್ನೋ ಬುದ್ಧನ ಗುಡಿ ಮಾತ್ರ ಬಿಡಬ್ಯಾಡ್ರಿ. ಮಲಗಿದ ಬುದ್ಧ 46 ಮೀಟರ್ ಉದ್ದ, ಅಂಗಾಲಿಗೆ ಮುತ್ತಿನ ಚಿಪ್ಪಿನಾಗ 108 ಶುಭ ಚಿಹ್ನೆ ಕೂಡಿಸ್ಯಾರ, ಗೋಡಿಗುಂಟ ಸಾಲಾಗಿ 108 ಕಂಚಿನ ಬಟ್ಟಲು, ಒಂದೊಂದ್ರಾಗ ಒಂದೊಂದು ಚಿಲ್ಲರ ಹಾಕ್ಕೋತ ಹೋಗಬೇಕು, ಆ ಟಣ್ ಟಣ್ ಸಪ್ಪಳ ಇಡೀ ಗುಡಿ ತುಂಬತೈತಿ, ನಮ್ಮವ್ವ ಒಂದೂ ಬಿಡದಂಗ ಹಾಕಿ ಕೈ ಮುಗದ್ಲು, ಅಕಿ ಮುಖ ನೋಡಿ ನನಗ ಕಣ್ಣಾಗ ನೀರು ಬಂತು. ಅಲ್ಲಿಂದ ಚಾವೊ ಫ್ರಾಯಾ ಹೊಳಿ ದೋಣ್ಯಾಗ ದಾಟಿದ್ರ ವಾಟ್ ಅರುಣ್ ಗುಡಿ, ಗೋಪುರಕ್ಕೆಲ್ಲಾ ಪಿಂಗಾಣಿ ಚೂರು. ಸಿಲೋಮ್ ರಸ್ತೆದಾಗ ಮಾರಿಯಮ್ಮನ ಗುಡೀನೂ ಐತಿ.

ಪ್ಯಾಲೇಸ್ ಹತ್ರ ಯಾರರ ಇವತ್ತು ಬಂದ್ ಐತಿ, ಬ್ಯಾರೆ ಕಡಿ ಕರ್ಕೊಂಡು ಹೋಗ್ತೀನಿ ಅಂದ್ರ ಟುಕ್ ಟುಕ್ ಹತ್ತಬ್ಯಾಡ್ರಿ, ಸೀದಾ ಗೇಟಿಗೆ ಹೋಗಿ ಕೇಳ್ರಿ. ಊಟಕ್ಕ ವೆಜ್ ಅಂದ್ರೂ ಮೀನಿನ ಸಾಸ್ ಬೀಳತೈತಿ, ಹಳದಿ ಬೋರ್ಡಿನ ಮ್ಯಾಲ ಕೆಂಪು "ಜೇ" (ಮಾಂಸ, ಮೀನು ಏನೂ ಹಾಕದ ಊಟ) ಗುರುತು ಇದ್ದಲ್ಲಿ ತಿನ್ರಿ, ಇಲ್ಲಾ ನಮ್ಮಂಗ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟಗೊಂಡು ಹೋಗ್ರಿ. ಪ್ಯಾಕೇಜ್‌ಗೆ 5ಕ್ಕ 3.