ವಾರಿಯರ್ 1996, ಪಂಕ್ 2023: ಯಾರ ವಾಪಸಾತಿ ನೋಡಬೇಕು?

ಜಗಳ ಆಡಿಕೊಂಡು ಹೋದ ಸ್ಟಾರನ್ನೇ ಅಮೆರಿಕದ ಕುಸ್ತಿ ಶೋ ಕಂಪನಿ ಡಬ್ಲ್ಯೂಡಬ್ಲ್ಯೂಇ ಮತ್ತೆ ಕರೆಸಿಕೊಂಡ ಕಥೆಗಳು ಬೇಕಾದಷ್ಟಿವೆ. ಅಲ್ಟಿಮೇಟ್ ವಾರಿಯರ್, ಸಿಎಂ ಪಂಕ್ ಇಬ್ಬರ ವಾಪಸಾತಿಯಲ್ಲಿ ಯಾವುದನ್ನು ನೋಡಬೇಕು ಅಂತ ಕೇಳಿದರೆ, ನನ್ನ ಓಟು ಪಂಕ್‌ಗೆ.

ಅಲ್ಟಿಮೇಟ್ ವಾರಿಯರ್ ದುಡ್ಡಿನ ವಿಷಯಕ್ಕೆ ಕಿತ್ತಾಡಿ 1991ರಲ್ಲಿ ಹೊರಬಿದ್ದ. ಆಗಿನ ಮಾಲೀಕ ವಿನ್ಸ್ ಮೆಕ್‌ಮಹನ್ 1992ರಲ್ಲಿ ಕರೆಸಿದ, ಅದೇ ವರ್ಷ ಮನೆಗೂ ಕಳಿಸಿದ. ಕಂಪನಿಯ ವರ್ಷದ ಅತಿ ದೊಡ್ಡ ಶೋ, 1996ರ ರೆಸಲ್‌ಮೇನಿಯಾದಲ್ಲಿ ಮತ್ತೆ ಬಂದ. ಎದುರಾಳಿ ಟ್ರಿಪಲ್ ಎಚ್ ಹಾಕಿದ ಪೆಡಿಗ್ರಿ ಅನ್ನೋ ಪಟ್ಟು ತಿಂದು, ಏನೂ ಆಗದವನಂತೆ ಎದ್ದು ನಿಂತ. ಎರಡು ನಿಮಿಷದೊಳಗೆ ಪಂದ್ಯ ಖತಂ. ಆದರೆ ಬೇಸಿಗೆಯಲ್ಲಿ ಒಪ್ಪಿಕೊಂಡ ಶೋಗಳಿಗೇ ಬರಲಿಲ್ಲ, ಜುಲೈಗೆ ಆಟ ಮುಗಿಯಿತು.

ಸಿಎಂ ಪಂಕ್ ಕಥೆ ಇನ್ನೂ ಖಾರ. 2014ರಲ್ಲಿ ಎದ್ದು ಹೋದವನು ಕಂಪನಿಯನ್ನು ಬಾಯಿಗೆ ಬಂದಂತೆ ಬೈದ. ಪ್ರತಿಸ್ಪರ್ಧಿ ಕುಸ್ತಿ ಕಂಪನಿ ಎಇಡಬ್ಲ್ಯೂ ಕೂಡ ಅವನನ್ನು 2023ರ ಸೆಪ್ಟೆಂಬರಿನಲ್ಲಿ ಕಿತ್ತುಹಾಕಿತು. ತೆರೆಮರೆಯ ಹೊಡೆದಾಟವೇ ಕಾರಣ. ಮೂರು ತಿಂಗಳೂ ಆಗಿರಲಿಲ್ಲ, ಅವನ ಊರು ಶಿಕಾಗೋ ಪಕ್ಕದಲ್ಲೇ ಡಬ್ಲ್ಯೂಡಬ್ಲ್ಯೂಇಯ ಸರ್ವೈವರ್ ಸೀರೀಸ್ ಶೋ. ಶೋ ಮುಗಿಯಿತು ಅನ್ನುವಷ್ಟರಲ್ಲಿ ಅವನ ಎಂಟ್ರಿ ಹಾಡು! ಜನರ ಕಿರುಚಾಟ ಒಂದು ಕಡೆ, ಸಿಟ್ಟಿನಿಂದ ಬೈಯುತ್ತಿದ್ದ ಡಬ್ಲ್ಯೂಡಬ್ಲ್ಯೂಇ ಸ್ಟಾರ್ ಸೆತ್ ರಾಲಿನ್ಸ್‌ನನ್ನು ಹಿಡಿದು ನಿಲ್ಲಿಸುವವರು ಇನ್ನೊಂದು ಕಡೆ. ಕರೆಸಿದ್ದು ಯಾರು ಗೊತ್ತಲ್ವಾ? ಅಷ್ಟರಲ್ಲಿ ಕಂಪನಿಯ ಕಥೆಗಳ ಉಸ್ತುವಾರಿಯಾಗಿದ್ದ ಅದೇ ಟ್ರಿಪಲ್ ಎಚ್. ಪಂಕ್ ಮೇಲೆ ರಾಲಿನ್ಸ್‌ಗಿದ್ದ ಆ ಹಳೇ ಸಿಟ್ಟನ್ನೇ ಕಥೆ ಮಾಡಿದರು. 2025ರ ರೆಸಲ್‌ಮೇನಿಯಾದ ಮೊದಲ ರಾತ್ರಿಯ ಕೊನೇ ಪಂದ್ಯ ಪಂಕ್, ರಾಲಿನ್ಸ್, ರೋಮನ್ ರೇನ್ಸ್ ನಡುವೆ ನಡೆಯಿತು.

ವಾರಿಯರ್ ಪಂದ್ಯ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ. ಸುಮ್ನೆ ನೋಡಿಬಿಡಿ. ಪಂಕ್‌ಗೆ ಮಾತ್ರ ಒಂದು ಭಾನುವಾರ ತೆಗೆದಿಡಿ.