ಹಳೆಯ ಟ್ಯಾನರಿಯ ಪಕ್ಕದ ಬಾವಿ: ಎರಡು ಪ್ರಯೋಗಾಲಯಗಳ ನೀರು ಪರೀಕ್ಷಾ ಸೇವೆ

ಮಂಗಳೂರು ಪೇಟೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ಗುರುಪುರ ಹೊಳೆಯ ದಂಡೆಗೆ ಹತ್ತಿರವಾಗಿ ನನ್ನ ತಂಗಿ ಹದಿನೆಂಟು ಸೆಂಟ್ಸ್ ಜಾಗ ಕೊಂಡಿದ್ದಾಳೆ. ಜಾಗದ ತೆಂಕು ಬದಿಗೆ ತಾಗಿಕೊಂಡು ಮುರಕಲ್ಲಿನ ಗೋಡೆಯ, ಮಾಡು ಕುಸಿದುಬಿದ್ದ ಉದ್ದನೆಯ ಶೆಡ್ಡೊಂದಿದೆ. ತೊಗಲು ಹದ ಮಾಡುವ ಕೆಲಸ ಅಲ್ಲಿ ನಿಂತು ಒಂದು ತಲೆಮಾರು ಕಳೆದಿದ್ದರೂ ಊರಿನವರು ಅದನ್ನು ಈಗಲೂ ಟ್ಯಾನರಿ ಎಂದೇ ಕರೆಯುತ್ತಾರೆ. ಮನೆಯ ಪಂಚಾಂಗಕ್ಕೆ (ಅಡಿಪಾಯಕ್ಕೆ) ಕೈಹಾಕುವ ಮೊದಲು ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕೆಂದು ನಾವು ಒಂದರ ನಂತರ ಒಂದರಂತೆ ಎರಡು ಖಾಸಗಿ ಪ್ರಯೋಗಾಲಯಗಳ ಸೇವೆ ಪಡೆದೆವು. ಒಂದೇ ಬಾವಿಯ ನೀರನ್ನು ಮೊದಲನೆಯದು ಕುಡಿಯಲು ಯೋಗ್ಯವೆಂದಿತು, ಎರಡನೆಯದು ಯೋಗ್ಯವಲ್ಲವೆಂದಿತು. ಇಬ್ಬರ ಅಳತೆಯೂ ಸರಿಯಾಗಿಯೇ ಇತ್ತು ಎಂಬುದು ತಿಳಿದಾಗ ಇದನ್ನು ಬರೆಯಲೇಬೇಕು ಅನ್ನಿಸಿತು.

ಮೊದಲ ಪ್ರಯೋಗಾಲಯದ ಅನುಭವವನ್ನು ಬೇಗ ಹೇಳಿ ಮುಗಿಸಬಹುದು. ಫೋನು ಮಾಡಿದಾಗ ‘ಕುಡಿಯುವ ನೀರಿನ ಪ್ಯಾಕೇಜ್’ ಇದೆ, ಒಂದು ಲೀಟರ್ ಬಾಟಲಿಯಲ್ಲಿ ನೀರು ತಂದುಕೊಡಿ ಎಂದರು. ತಂಗಿ ಸ್ಟೀಲಿನ ಕೊಡಪಾನದಲ್ಲಿ ಸೇದಿ, ಬಾಟಲಿಗೆ ತುಂಬಿಸಿ ಕೊಟ್ಟುಬಂದಳು. ಮೂರನೆಯ ದಿನ ವರದಿ ಬಂತು. ಪಿಎಚ್, ಟಿಡಿಎಸ್, ಗಡಸುತನ, ಕ್ಲೋರೈಡ್, ನೈಟ್ರೇಟ್, ಕಬ್ಬಿಣ, ಕೋಲಿಫಾರ್ಮ್ ಇವಿಷ್ಟೂ ಮಿತಿಯೊಳಗೆ ಇದ್ದುವು. ಕರಾವಳಿಯ ಸಾಮಾನ್ಯ ಬಾವಿಗೆ ಈ ಪಟ್ಟಿ ಸಾಕಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾವಿ ಎಲ್ಲಿದೆ, ಅದರ ಸುತ್ತ ಹಿಂದೆ ಏನಿತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೆಳಗೆ ಒತ್ತಿದ್ದ ‘ಕುಡಿಯಲು ಯೋಗ್ಯ’ ಎಂಬ ಮೊಹರು ಪರೀಕ್ಷಿಸಿದ ಅಂಶಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬ ಒಂದು ಸಾಲನ್ನೂ ಬರೆದಿರಲಿಲ್ಲ. ಇದು ಸಣ್ಣ ಲೋಪವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಆ ಮೊಹರನ್ನು ನಂಬಿ ತಂಗಿಯ ಮನೆಯವರು ಒಂದು ವಾರ ಅದೇ ನೀರನ್ನು ಕುಡಿದಿದ್ದರು.

ಅನುಮಾನ ಹುಟ್ಟಿದ್ದು ಪಂಚಾಂಗದ ಗುರುತು ಹಾಕಲು ತೆಂಕು ಮೂಲೆಯಲ್ಲಿ ಮಣ್ಣು ಅಗೆದಾಗ. ಕೆಂಪು ಮಣ್ಣಿನ ಕೆಳಗೆ ಒಂದು ಗೇಣು ಸುಣ್ಣದ ಬಿಳಿ ಪದರ, ಅದರ ಕೆಳಗೆ ನೀಲಿ-ಹಸಿರು ಛಾಯೆಯ ಬೂದು ಕೆಸರು, ಅದರಲ್ಲಿ ತೊಗಲಿನ ಚೂರುಗಳು ಸಿಕ್ಕಿದುವು. ತೊಗಲಿನ ರೋಮ ಬಿಡಿಸಲು ಸುಣ್ಣ ಮತ್ತು ಸೋಡಿಯಂ ಸಲ್ಫೈಡ್ ಬಳಸುತ್ತಾರೆ. ಹಳೆಯ ಕಾಲದಲ್ಲಿ ತಂಗಡಿ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡುತ್ತಿದ್ದರು. ಕ್ರೋಮಿಯಂ ಸಲ್ಫೇಟ್ ಬಂದ ಮೇಲೆ ತಿಂಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು, ಹದವಾದ ತೊಗಲಿಗೆ ‘ವೆಟ್ ಬ್ಲೂ’ ಎಂಬ ಹೆಸರು ಬಂದದ್ದೂ ಅದು ಕೊಡುವ ನೀಲಿ ಬಣ್ಣದಿಂದಲೇ. ಸಾಮಾನ್ಯ ವಿಧಾನದಲ್ಲಿ ಹಾಕಿದ ಕ್ರೋಮಿಯಂನ ನೂರಕ್ಕೆ 60ರಿಂದ 70 ಪಾಲನ್ನಷ್ಟೇ ತೊಗಲು ಹೀರಿಕೊಳ್ಳುತ್ತದೆ; ಉಳಿದದ್ದು ತೊಟ್ಟಿಯ ನೀರಿನೊಂದಿಗೆ ಹೊರಗೆ ಹೋಗುತ್ತದೆ. ನಮ್ಮ ಮೂಲೆಯ ಕೆಸರಿನ ಬಣ್ಣ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಾಗಲಿಲ್ಲ.

ಎರಡನೆಯ ಪ್ರಯೋಗಾಲಯಕ್ಕೆ ಫೋನು ಮಾಡಿದಾಗ ಅತ್ತ ಕಡೆಯಿಂದ ಬಂದ ಮೊದಲ ಪ್ರಶ್ನೆ, “ಆ ಜಾಗದಲ್ಲಿ ಮೊದಲು ಏನಿತ್ತು?” ಎಂದು. ಟ್ಯಾನರಿ ಎಂದ ಕೂಡಲೇ, ನೀವು ನೀರು ತರಬೇಡಿ, ನಾವೇ ಬಂದು ತೆಗೆಯುತ್ತೇವೆ ಎಂದರು. ತುಳುನಾಡಿನಲ್ಲಿ ಮಳೆಗಾಲಕ್ಕೆ ಮುನ್ನ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ನಾಲ್ಕು ದಿನ ಮೊದಲು, ಬಾವಿಯ ನೀರು ತಳ ಹಿಡಿದಿದ್ದಾಗ, ಒಬ್ಬ ಯುವಕ ಐಸ್ ಪೆಟ್ಟಿಗೆ ಹಿಡಿದುಕೊಂಡು ಬಂದ. ತಂಗಿ ಎಂದಿನಂತೆ ಕೊಡಪಾನ ಇಳಿಸಲು ಹೋದಳು. “ಅಕ್ಕಾ, ಸ್ಟೀಲು ಬೇಡ, ಅದರಲ್ಲಿಯೇ ಕ್ರೋಮಿಯಂ ಉಂಟು” ಎಂದು ತಡೆದು, ನೈಲಾನ್ ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಪಾತ್ರೆಯನ್ನು ಇಳಿಸಿದ. ತುಕ್ಕು ಹಿಡಿಯದ ಸ್ಟೀಲಿನಲ್ಲಿ ಕನಿಷ್ಠ ನೂರಕ್ಕೆ ಹತ್ತೂವರೆ ಪಾಲು ಕ್ರೋಮಿಯಂ ಇರುತ್ತದೆ ಎಂಬುದು ದಿನಾ ಅದೇ ಕೊಡಪಾನ ಹೊರುವ ನಮಗೆ ಯಾರಿಗೂ ತಿಳಿದಿರಲಿಲ್ಲ. ಅಡುಗೆಗೆ ಅದರಿಂದ ತೊಂದರೆಯಿಲ್ಲ, ಆದರೆ ಲೀಟರಿಗೆ ಮಿಲಿಗ್ರಾಂನ ನೂರನೆಯ ಪಾಲನ್ನು ಅಳೆಯುವಾಗ ಲೋಹದ ಪಾತ್ರೆಯನ್ನು ದೂರವಿಡುವುದೇ ಸರಿ.

ಅವನು ಎರಡು ಬಾಟಲಿ ತುಂಬಿಸಿದ. ಒಂದಕ್ಕೆ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಿದ, ಅದು ಒಟ್ಟು ಕ್ರೋಮಿಯಂ ಅಳೆಯಲು. ಇನ್ನೊಂದಕ್ಕೆ ಆಮ್ಲ ಹಾಕದೆ ಐಸಿನಲ್ಲಿಟ್ಟ, ಅದು ಹೆಕ್ಸಾವೇಲೆಂಟ್ ಕ್ರೋಮಿಯಂ ಅಳೆಯಲು, ಇಪ್ಪತ್ತನಾಲ್ಕು ಗಂಟೆಯೊಳಗೆ ಆಗಬೇಕಾದ ಕೆಲಸ. ಈ ಎರಡರ ವ್ಯತ್ಯಾಸವನ್ನು ಬಾವಿಕಟ್ಟೆಯ ಮೇಲೆ ಕುಳಿತೇ ವಿವರಿಸಿದ. ಹದಕ್ಕೆ ಬಳಸುವ ಟ್ರೈವೇಲೆಂಟ್ ರೂಪ ಮಣ್ಣಿಗೆ ಅಂಟಿಕೊಂಡು ಹೆಚ್ಚು ದೂರ ಹೋಗುವುದಿಲ್ಲ. ಹೆಕ್ಸಾವೇಲೆಂಟ್ ರೂಪ ನೀರಿನಲ್ಲಿ ಕರಗಿ ಹರಿಯುತ್ತದೆ, ವಿಷಕಾರಿಯಾದದ್ದೂ ಅದೇ. ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡುಗಳು ಮೊದಲನೆಯದನ್ನು ನಿಧಾನವಾಗಿ ಎರಡನೆಯದಾಗಿ ಬದಲಾಯಿಸಬಲ್ಲವು, ಹೀಗಾಗಿ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತಲ್ಲ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ನಮ್ಮ ಮುರಕಲ್ಲೋ ತೂತು ತೂತಿನ ಕಲ್ಲು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಅದರೊಳಗಿಂದ ನೇರವಾಗಿ ಬಾವಿಗೆ ಇಳಿಯುತ್ತದೆ.

ನನಗೆ ಬಹಳ ಮೆಚ್ಚುಗೆಯಾದದ್ದು ಆಮೇಲಿನ ಕೆಲಸ. ಏರಿನ ಮೇಲಿರುವ ನೆರೆಮನೆಯ ಬಾವಿಯಿಂದಲೂ, ಶೆಡ್ಡಿನಿಂದ ದೂರದ ಬಡಗು ಮೂಲೆಯ ಮಣ್ಣಿನಿಂದಲೂ ಅವನು ಮಾದರಿ ತೆಗೆದ. ಮುರಕಲ್ಲಿನ ಮಣ್ಣಿನಲ್ಲಿ ಸಹಜವಾಗಿಯೇ ಒಂದಷ್ಟು ಕ್ರೋಮಿಯಂ ಇರಬಹುದು, ಹೋಲಿಸಿ ನೋಡದೆ ಟ್ಯಾನರಿಯ ಮೇಲೆ ಹೊರಿಸುವುದು ತಪ್ಪು ಎಂದ. ಹಣ ಕೊಡುವವರಿಗೆ ಬೇಕಾದ ಉತ್ತರವನ್ನು ಮೊದಲೇ ಕೊಟ್ಟುಬಿಡದ ಈ ಎಚ್ಚರಕ್ಕಾಗಿಯೇ ನಾನು ಈ ಸೇವೆಯನ್ನು ಶಿಫಾರಸು ಮಾಡುತ್ತೇನೆ.

ಫಲಿತಾಂಶ ಹೀಗಿತ್ತು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಒಟ್ಟು ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ನಮ್ಮ ಬಾವಿ ಅದನ್ನು ಮೀರಿತ್ತು. ಮೇಲಿನ ನೆರೆಮನೆಯ ಬಾವಿಯಲ್ಲಿ ಅಳೆಯುವಷ್ಟೂ ಸಿಗಲಿಲ್ಲ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ, ಬಾವಿ ತುಂಬಿದಾಗ, ಎರಡನೆಯ ಸಲ ತೆಗೆಸಿದೆವು. ಮಳೆನೀರು ಸೇರಿ ತಿಳಿಯಾಗಿರಬಹುದೆಂದು ನಾವು ಆಸೆಪಟ್ಟಿದ್ದೆವು. ನೀರಿನ ಮಟ್ಟ ಏರಿ ಕೆಸರಿನ ಪದರವನ್ನು ಮುಟ್ಟಿದ್ದರಿಂದಲೋ ಏನೋ, ಪ್ರಮಾಣ ಇನ್ನೂ ಸ್ವಲ್ಪ ಹೆಚ್ಚಿತ್ತು. ಒಂದೇ ಋತುವಿನ ಒಂದೇ ವರದಿಯನ್ನು ನಂಬಬಾರದೆಂದು ಅವರು ಮೊದಲೇ ಹೇಳಿದ್ದರು.

ಕೊರತೆಗಳಿವೆ. ಖರ್ಚು ಮೊದಲ ಪ್ಯಾಕೇಜಿನ ಮೂರು ಪಟ್ಟು ಮೀರಿತು, ಮಣ್ಣಿನ ಮಾದರಿಗಳಿಗೆ ಬೇರೆಯೇ ಶುಲ್ಕ. ಒಂದು ವಾರ ಎಂದಿದ್ದ ಮಣ್ಣಿನ ವರದಿ ಹದಿನೇಳನೆಯ ದಿನ ಬಂತು, ನಾವಾಗಿ ಫೋನು ಮಾಡದೆ ತಡವಾಗುತ್ತದೆಂಬ ಸುದ್ದಿಯೂ ತಲುಪಲಿಲ್ಲ. ವರದಿ ಪೂರ್ತಿ ಇಂಗ್ಲಿಷಿನಲ್ಲಿದೆ. ಬಾವಿಕಟ್ಟೆಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ವಿವರಿಸಬಲ್ಲವರು ಅರ್ಧ ಪುಟದ ಕನ್ನಡ ಸಾರಾಂಶವನ್ನು ಜೊತೆಗಿಡಬಹುದಿತ್ತು, ಏಕೆಂದರೆ ಆ ನೀರನ್ನು ದಿನವೂ ಬಳಸುವ ಅಮ್ಮನಿಗೆ ಆ ಅಂಕಿಗಳನ್ನು ನಾನು ಓದಿ ಹೇಳಬೇಕಾಯಿತು. ಮುಂದೇನು ಮಾಡಬೇಕೆಂಬ ಪ್ರಶ್ನೆಗೆ ಲಿಖಿತ ಸಲಹೆಯನ್ನೂ ಅವರು ಕೊಡುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದ ಎರಡು ವಿಷಯಗಳು ಮಾತ್ರ ಬಹಳ ಉಪಕಾರವಾದುವು: ಕುದಿಸುವುದರಿಂದ ಕ್ರೋಮಿಯಂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ, ಕ್ಯಾಂಡಲ್ ಫಿಲ್ಟರು, ಯುವಿ ದೀಪದ ಯಂತ್ರಗಳೂ ಇದಕ್ಕೆ ಪ್ರಯೋಜನವಿಲ್ಲ, ಆರ್‌ಒ ಮಾತ್ರ ತಕ್ಕಮಟ್ಟಿಗೆ ತೆಗೆಯುತ್ತದೆ.

ನಮ್ಮ ಕರಾವಳಿಯಲ್ಲಿ ಇಂಥದ್ದು ಎಲ್ಲಿದೆ ಎಂದು ಕೇಳುವವರಿಗಾಗಿ ಒಂದು ಮಾತು. ನಂದಿಬೆಟ್ಟದ ಕಡೆ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯನ್ನು ಟ್ಯಾನರಿಗಳು ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಕೆಡಿಸಿದವರೇ ಭರಿಸಬೇಕು ಎಂಬ ತತ್ವವನ್ನು ಎತ್ತಿಹಿಡಿಯಿತು. ಅದೇ ಸೀಮೆಯ ರಾಣಿಪೇಟೆಯಲ್ಲಿ, ಮುಚ್ಚಿಹೋದ ಕ್ರೋಮಿಯಂ ಕಾರ್ಖಾನೆಯೊಂದರ ಒಂದು ಲಕ್ಷ ಟನ್ನಿಗೂ ಮೀರಿದ ತ್ಯಾಜ್ಯ ದಶಕಗಳ ಕಾಲ ಬಯಲಿನಲ್ಲಿ ಬಿದ್ದುಕೊಂಡಿತ್ತು. ನಮ್ಮ ಶೆಡ್ಡು ಅದರ ಮುಂದೆ ಒಂದು ಚುಕ್ಕೆ. ಆದರೆ ಒಂದು ಬಾವಿಯನ್ನು ಕೆಡಿಸಲು ಆ ಚುಕ್ಕೆಯೇ ಸಾಕಾಯಿತು. ಕಲುಷಿತ ಜಾಗಗಳ ನಿರ್ವಹಣೆಗೆಂದೇ 2025ರಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ತಂದಿದೆ. ಎರಡೂ ಋತುಗಳ ವರದಿಗಳನ್ನು ಲಗತ್ತಿಸಿ ನಾವು ಬರೆದ ಅರ್ಜಿಗೆ ಆಧಾರವಾದದ್ದು ಈ ಪ್ರಯೋಗಾಲಯದ ಅಂಕಿಗಳೇ.

ಹಳೆಯ ಟ್ಯಾನರಿಯ ಆಸುಪಾಸಿನಲ್ಲಿ ಜಾಗ ಕೊಳ್ಳುವವರು ಪ್ಯಾಕೇಜಿನ ಹೆಸರು ನೋಡಿ ಹಣ ಕಟ್ಟಬೇಡಿ. ಒಟ್ಟು ಕ್ರೋಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ, ಆರ್ಸೆನಿಕ್, ಸಲ್ಫೈಡ್ ಎಂದು ಹೆಸರು ಹೇಳಿ ಕೇಳಿ, ಮಾದರಿಯನ್ನು ಅವರೇ ಬಂದು ತೆಗೆಯುವಂತೆ ಒತ್ತಾಯಿಸಿ. ಹಳೆಯ ತೊಟ್ಟಿಗಳ ಒಳಗೆ ಮಾತ್ರ ನೀವಾಗಿ ಇಳಿಯಬೇಡಿ. ಕೊಳೆತ ಕೆಸರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಜೀವ ತೆಗೆಯಬಲ್ಲದು. ತಂಗಿ ಮನೆಯ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದಾಳೆ, ಅಗೆದ ಮೂಲೆಯ ಮೇಲೆ ಮಳೆ ಬೀಳದಂತೆ ಟಾರ್ಪಾಲು ಹೊದಿಸಿದ್ದಾಳೆ. ಮೂರನೆಯ ಸಲದ ಮಾದರಿಗೆ ದೀಪಾವಳಿ ಮುಗಿದ ಮರುವಾರ ಬರಲು ಅದೇ ಯುವಕನಿಗೆ ಹೇಳಿದ್ದೇವೆ. ಅಲ್ಲಿಯವರೆಗೆ ಕುಡಿಯುವ ನೀರು ಏರಿನ ಮೇಲಿನ ನೆರೆಮನೆಯ ಬಾವಿಯಿಂದ ಬರುತ್ತದೆ.